ಹಂಗಾಮಿ ಮಾಸ್ತರನ ದಾಗೀನುಗಳು

ಮಣಿ ಪೋಣಿಸುವುದು ಯಾರಿಗೂ ತೊಂದರೆ ಕೊಡದ ಕೆಲಸ ಎಂದು ನಂಬಿದವರು ಬೈಲಹೊಂಗಲಕ್ಕೆ ಬಂದು ಒಂದು ವಾರ ಪೋಣಿಸಿ ನೋಡಬೇಕು. ನಾನು ನಾಲ್ಕು ವರ್ಷ ಪೋಣಿಸಿದೆ. ಏನೂ ಆಗದೆ ಕಳೆದ ತಿಂಗಳು ಒಂದೂ ನೆನಪಿಲ್ಲ.

ಪುಣೆಯಲ್ಲಿ ಓದಿ ಬಿ.ಎ. ಮಾಡಿಕೊಂಡು ಬಂದ ನಾನು ಇಲ್ಲಿಯ ಒಂದು ಇಂಗ್ಲಿಷ್ ಸಾಲೆಯಲ್ಲಿ ಹಂಗಾಮಿ ಮಾಸ್ತರನಾಗಿದ್ದೆ. ಹಂಗಾಮಿ ಎಂದರೆ ಯಾವ ದಿನ ಬೇಕಾದರೂ ಮನೆಗೆ ಕಳಿಸಬಹುದಾದವನು. ಕಾಯಂ ಆಗಬೇಕಾದರೆ ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಡೆಪ್ಯುಟಿ ಸಾಹೇಬರು ನನ್ನ ಬಗ್ಗೆ ಒಳ್ಳೆಯದು ಬರೆಯಬೇಕು. ಅವರು ಬರೆಯುವ ಮುಂಚೆ ಹೆಡ್ ಮಾಸ್ತರರು ಕೆಟ್ಟದ್ದು ಹೇಳಬಾರದು. ಈ ಎರಡನೆಯದು ಕಷ್ಟವಿತ್ತು. ಹೆಡ್ ಮಾಸ್ತರರ ಅಳಿಯ ಮೆಟ್ರಿಕ್ ಪಾಸಾಗಿ ಸಂಪಗಾಂವದಲ್ಲಿ ಮಾವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಅವನು ಅಲ್ಲಿಂದ ಏಳಬೇಕಾದರೆ ನಾನು ಇಲ್ಲಿಂದ ಏಳಬೇಕಿತ್ತು.

ಹೆಡ್ ಮಾಸ್ತರರ ಹತ್ತಿರ ಕಪ್ಪು ರಟ್ಟಿನ ಒಂದು ಪುಸ್ತಕವಿತ್ತು. ಮಾಸ್ತರರ ತಪ್ಪುಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. ಬೇರೆಯವರಿಗೆ ಒಂದೊಂದು ಪುಟ. ನನಗೆ ಮೊದಲೇ ಎಂಟು ಪುಟ ಖಾಲಿ ಬಿಟ್ಟಿದ್ದರು.

ನನ್ನ ಹುಚ್ಚು ದೊಡ್ಡದೇನಲ್ಲ. ಒಡೆದ ಬಳೆಯ ಚೂರು, ಹಿತ್ತಾಳೆಯ ತಂತಿ, ಬೀಜ, ಅರಗು, ಜರಿಯ ತುಣುಕು ಹೀಗೆ ಯಾರಿಗೂ ಬೇಡವಾದದ್ದನ್ನು ಕೂಡಿಸಿ ಸರ, ಕಡಗ ಮಾಡುತ್ತಿದ್ದೆ. ಅಂಗಡಿಯಲ್ಲಿ ಸಿಗುವ ಬಣ್ಣದ ದೇವರ ಪಟ ತಂದು, ಅದಕ್ಕೆ ರೇಷ್ಮೆಯ ಚಿಂದಿ ಅಂಟಿಸಿ ಸೀರೆ ಉಡಿಸಿ, ಮಣಿ ಕೂಡಿಸಿ ದಾಗೀನು ಹಾಕುತ್ತಿದ್ದೆ. ದೇವರ ಮೇಲೆ ನನಗೆ ನಂಬಿಕೆ ಇಲ್ಲ. ಜರಿಯ ಮೇಲೆ ಇದೆ.

೧. ಎಮ್ಮೆಯ ಪಾಠ

ಬಳೆಯ ಚೂರು ಪುಕ್ಕಟೆ ಸಿಗುತ್ತವೆ, ಆದರೆ ಕೇಳಿ ಪಡೆಯಬೇಕು. ಓಣಿಯಲ್ಲಿ ಮನೆಮನೆಗೆ ಹೋಗಿ, ‘ಒಡೆದ ಬಳೆ ಇದ್ದರೆ ಒಗೆಯಬೇಡ್ರಿ, ನನಗೆ ಕೊಡ್ರಿ’ ಎಂದು ಹೇಳಿ ಬಂದೆ. ಹೆಂಗಸರು ಹೂಂ ಎಂದರು. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು.

ವಾರ ಕಳೆಯುವಷ್ಟರಲ್ಲಿ ಹಿಂದಿನ ಓಣಿಯ ಮುದುಕಿಯೊಬ್ಬಳು ಎಮ್ಮೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

“ಮಾಸ್ತರ, ಇದು ಮೂರು ದಿನದಿಂದ ಒದಿಯಾಕ ಹತ್ತೇತಿ. ಹಾಲು ಕೊಡವಲ್ದು. ಒಂದೀಟು ಏನರ ಕಟ್ಟಿಕೊಡ್ರಿ.”

“ಅಜ್ಜಿ, ನಾ ಮಾಟಾ ಮಂತ್ರಾ ಮಾಡಾಂವ ಅಲ್ಲ.”

“ಹೌದ್ರಿ. ಮಾಡಾವರು ಯಾರೂ ಮಾಡತೇನಿ ಅನ್ನೂದಿಲ್ಲ.”

“ಬಳಿ ಚೂರು ಸರಾ ಮಾಡಾಕ ತರತೇನಿ.”

“ನಾ ಯಾರ ಮುಂದೂ ಹೇಳಂಗಿಲ್ಲ, ಹೆದರಬ್ಯಾಡ್ರಿ.”

ನಾನು ಕಟ್ಟೆಯ ಮೇಲೆ ಕುಳಿತು ಅರ್ಧ ತಾಸು ಅವಳಿಗೆ ಕಾರ್ಯಕಾರಣ ಸಂಬಂಧ ವಿವರಿಸಿದೆ. ಎಮ್ಮೆ ಒದೆಯಲು ಕೆಚ್ಚಲಿನ ಬಾವು ಕಾರಣವಿರಬಹುದು, ಮೇವು ಕಾರಣವಿರಬಹುದು, ಬಳೆಯ ಚೂರಿಗೂ ಅದಕ್ಕೂ ಸಂಬಂಧ ತೋರಿಸುವ ಒಂದೇ ಒಂದು ಸಾಕ್ಷ್ಯ ಜಗತ್ತಿನಲ್ಲಿ ಇಲ್ಲ ಎಂದೆ. ಮುದುಕಿ ಕೈಮುಗಿದು ಕೇಳಿದಳು. ಎಮ್ಮೆಯೂ ಕಿವಿ ಆಡಿಸದೆ ನಿಂತಿತ್ತು. ಮುಗಿದ ಮೇಲೆ, “ಇಷ್ಟು ಉದ್ದ ಮಂತ್ರಾ ನಾ ಹುಟ್ಟಿದಾಗಿಂದ ಕೇಳಿದ್ದಿಲ್ಲ” ಎಂದು ಎಮ್ಮೆ ಹೊಡೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ತಂಬಿಗೆ ತುಂಬ ಹಾಲು ತಂದಿಟ್ಟಳು. ಕಪ್ಪು ಪುಸ್ತಕದಲ್ಲಿ ಮೊದಲ ಸಾಲು ಬಿತ್ತು: ‘ಮಾಟ, ಒಂದು ಸಲ.’

ಸಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿದ್ದೇನೆ. ಕೇಳಿ ನಡತೆ ತಿದ್ದಿಕೊಂಡದ್ದು ಆ ಎಮ್ಮೆಯೊಂದೇ.

೨. ಬುಟ್ಟಿ

ಸವದತ್ತಿಯಲ್ಲಿ ಪೋಸ್ಟ್ ಮಾಸ್ತರನಾಗಿದ್ದ ನನ್ನ ಗೆಳೆಯ ಒಂದು ದೇವಿಯ ಪಟ ಬೇಕೆಂದು ಕಾಗದ ಬರೆದಿದ್ದ. ಅವನ ತಾಯಿ ಕೇಳಿದ್ದಳಂತೆ. ನಾನು ಎರಡು ತಿಂಗಳು ಕುಳಿತು ದೇವಿಗೆ ನೀಲಿ ರೇಷ್ಮೆ ಉಡಿಸಿದೆ, ಕೊರಳಿಗೆ ಕೆಂಪು-ಬಿಳಿ ಮಣಿ ಪೋಣಿಸಿದೆ, ಅಂಚಿಗೆ ಕವಡೆ ಹಚ್ಚಿದೆ, ಹಿಂದೆ ನವಿಲುಗರಿ ಸಿಕ್ಕಿಸಿದೆ. ಮುರಿಯಬಾರದೆಂದು ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಕೂಡಿಸಿಕೊಂಡು ಬಂಡಿಯಲ್ಲಿ ಹೊರಟೆ.

ಸವದತ್ತಿಯ ಏರಿನಲ್ಲಿ ಎತ್ತು ನಿಂತವು. ಬಂಡಿಯವನು, “ಇಳೀರಿ, ನಡ್ಕೋತ ಬರ್ರಿ” ಎಂದ. ಇಳಿದೆ. ಬಿಸಿಲು ನೆತ್ತಿಗೆ ಬಂದಿತ್ತು, ಕೈ ಸೋತಿದ್ದವು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೆ. ಅದರಿಂದ ಮುಖಕ್ಕೆ ನೆರಳೂ ಆಯಿತು.

ದೇವಿಯನ್ನು ಬುಟ್ಟಿಯಲ್ಲಿ ಕೂಡಿಸಿ, ನವಿಲುಗರಿ ಕಟ್ಟಿ, ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುವುದು ಅಲ್ಲಿಯ ಜೋಗತಿಯರ ಪದ್ಧತಿ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಬುಟ್ಟಿ ತಲೆಗೆ ಏರಿಸುವ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ.

ಬಾವಿಯ ಕಡೆಯಿಂದ ಬರುತ್ತಿದ್ದ ಹೆಂಗಸರು ಕೊಡ ಇಳಿಸಿ ಕಾಲು ಮುಟ್ಟಿದರು. ಒಬ್ಬಳು ಹಣೆಗೆ ಅರಿಷಿಣ ಹಚ್ಚಿದಳು. ಇನ್ನೊಬ್ಬಳು ಜೋಳ ತಂದು ಸುರಿದಳು.

“ತಾಯಂದಿರಾ, ನಾ ಇಂಗ್ಲಿಷ್ ಸಾಲಿ ಮಾಸ್ತರ.”

ಒಬ್ಬ ಮುದುಕಿ ಸಮಾಧಾನ ಹೇಳಿದಳು. “ಇರಲಿ ಬಿಡೋ ಯಪ್ಪಾ. ಆಕಿ ಯಾರನ್ನ ಕರಸ್ಕೋತಾಳೋ ಯಾರಿಗೆ ಗೊತ್ತು. ಹೋದ ವರ್ಷ ಊರ ಲೆಕ್ಕಾ ಬರಿಯೂ ತಲಾಟಿನ್ನ ಕರಸ್ಕೊಂಡಾಳ. ಅವನೂ ಮೊದಲ ಹಿಂಗ ಅಂತಿದ್ದ.”

ಗೆಳೆಯನ ಮನೆ ಮುಟ್ಟುವಷ್ಟರಲ್ಲಿ ಬುಟ್ಟಿಯಲ್ಲಿ ನಾಲ್ಕು ಸೇರು ಜೋಳವಿತ್ತು. ಬಾಗಿಲು ಬಡಿದೆ. ಗೆಳೆಯ ತಾನೇ ಹೊರಗೆ ಬಂದ. ನವಿಲುಗರಿ ನೋಡಿದವನು ಕೆಳಗಿನ ಮುಖ ನೋಡಲಿಲ್ಲ. ಒಂದು ಮುಷ್ಟಿ ಜೋಳ ಬುಟ್ಟಿಗೆ ಹಾಕಿ, “ಮುಂದಿನ ಮನಿಗೆ ಹೋಗವಾ” ಎಂದು ಬಾಗಿಲು ಹಾಕಿಕೊಂಡ.

ಪುಣೆಯಲ್ಲಿ ಅವನೂ ನಾನೂ ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದೆವು.

೩. ಬಗ್ಗಿದ್ದು

ಕಿತ್ತೂರಿನ ಕೋಟೆಯ ಹೊರಗಿನ ಹೊಲಗಳಲ್ಲಿ ಹಳೆಯ ಪಿಂಗಾಣಿಯ ಚೂರು ಸಿಗುತ್ತವೆ ಎಂದು ಯಾರೋ ಹೇಳಿದ್ದರು. ನೀಲಿ ಬಣ್ಣದ ಒಂದು ಚೂರಿಗಾಗಿ ನಾನು ಆರು ತಿಂಗಳಿಂದ ಹುಡುಕುತ್ತಿದ್ದೆ. ರವಿವಾರ ಹೋದೆ. ಒಂದು ಹೊಲದ ಬದುವಿನ ಮೇಲೆ ಬಗ್ಗಿ ಬಗ್ಗಿ ನೋಡುತ್ತ ಹೊರಟೆ. ಕುರಿ ಕಾಯುತ್ತಿದ್ದ ಮುದುಕ ಹತ್ತಿರ ಬಂದ.

“ಏನ ಹುಡುಕಾಕ ಹತ್ತೀರಿ?”

“ಏನೂ ಇಲ್ಲ.”

“ಯಾವೂರ್ರಿ?”

“ಬೈಲಹೊಂಗಲ. ಸಾಲಿ ಮಾಸ್ತರ.”

“ಎಷ್ಟು ಕಲತೀರಿ?”

“ಬಿ.ಎ.”

ಮುದುಕ ಮತ್ತೇನೂ ಕೇಳದೆ ಊರ ಕಡೆಗೆ ನಡೆದ. ಕುರಿಗಳನ್ನೂ ಅಲ್ಲಿಯೇ ಬಿಟ್ಟು ಹೋದ.

ನಾನು ಒಂದು ಗಿಡದ ಕೆಳಗೆ ಬುತ್ತಿ ಬಿಚ್ಚಿ ಉಂಡು ಏಳುವಷ್ಟರಲ್ಲಿ ಹೊಲದಲ್ಲಿ ಹದಿನೈದು ಜನ ಗುದ್ದಲಿ ಹಿಡಿದಿದ್ದರು. ನಾನು ಎಲ್ಲೆಲ್ಲಿ ಬಗ್ಗಿದ್ದೆನೋ ಅಲ್ಲೆಲ್ಲ ಮುದುಕ ಕಲ್ಲಿಟ್ಟು ಗುರುತು ಮಾಡಿದ್ದ. ಇಲ್ಲಿ ನಿಧಿ ಇಲ್ಲ, ನಾನು ಚೂರು ಹುಡುಕುತ್ತಿದ್ದೆ ಎಂದು ಕೈ ಎತ್ತಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

“ಬಿ.ಎ. ಕಲತಾಂವ ಸುಮ್ಮನ ಬಗ್ಗತಾನ ಏನು?” ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ನನ್ನ ಪದವಿಗೆ ಅಷ್ಟು ಗೌರವ ಅದಕ್ಕೆ ಮುಂಚೆಯೂ ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ.

ಮೂರು ದಿನ ಅಗೆದರಂತೆ. ಒಂದು ಒಡೆದ ಬೀಸುವ ಕಲ್ಲು ಸಿಕ್ಕಿತಂತೆ. ಸುದ್ದಿ ಸಾಲೆಗೂ ಬಂದು ಕಪ್ಪು ಪುಸ್ತಕದಲ್ಲಿ ‘ನಿಧಿಶೋಧ’ ಎಂದು ಸೇರಿತು. ಹೊಲದ ಯಜಮಾನ ಜಗಳಕ್ಕೆ ಬರುತ್ತಾನೆಂದು ಹೆದರಿಕೊಂಡೇ ಇದ್ದೆ. ಹದಿನೈದು ದಿನಕ್ಕೆ ಬಂದ. ಕೈಯಲ್ಲಿ ಒಂದು ಗಂಟು ಶೇಂಗಾ ಇತ್ತು.

“ಮಾಸ್ತರ, ಆ ಹೊಲದಾಗ ಹತ್ತು ವರ್ಷದಿಂದ ಕರಕಿ ಹುಲ್ಲು ಬೇರು ಬಿಟ್ಟಿತ್ತು. ಆಳು ಹಚ್ಚಿ ಕಡಿಸೂ ತಾಕತ್ತು ನನಗಿರಲಿಲ್ಲ. ಈಗ ಒಂದು ಎಳಿ ಉಳಿದಿಲ್ಲ.” ಗಂಟನ್ನು ನನ್ನ ಕೈಗಿಟ್ಟು ಹೇಳಿದ: “ದೊಡವಾಡದ ಹಾದ್ಯಾಗ ಇನ್ನೊಂದು ಹೊಲ ಐತ್ರಿ. ಯಾವಾಗರ ಪುರಸೊತ್ತು ಆದಾಗ ಬಂದು ಒಮ್ಮೆ ಬಗ್ಗಿ ಹೋಗ್ರಿ.”

೪. ಆಹೇರಿ

ನನ್ನ ಹೆಂಡತಿಯ ಅಕ್ಕನ ಮಗಳ ಮದುವೆ ರಾಮದುರ್ಗದಲ್ಲಿ ಆಯಿತು. ವರ ಸುರೇಬಾನದವನು, ಒಕ್ಕಲುತನದ ದೊಡ್ಡ ಮನೆ. ನಾನು ಮದುಮಗಳಿಗೆ ಒಂದು ಸರ ಮಾಡಿ ಒಯ್ದಿದ್ದೆ. ಹುಣಸೆಯ ಬೀಜಗಳನ್ನು ತಿಕ್ಕಿ ನುಣುಪು ಮಾಡಿ, ಅರಗು ಹಚ್ಚಿ, ನಡುನಡುವೆ ಹಸಿರು ಬಳೆಯ ಚೂರು ಕೂಡಿಸಿದ್ದೆ. ಅದು ಒಳ್ಳೆಯ ಸರವಾಗಿತ್ತು. ಈಗಲೂ ಹಾಗೆಯೇ ಅನ್ನುತ್ತೇನೆ.

ಆದರೆ ನಮ್ಮ ಕಡೆ ಆಹೇರಿಯನ್ನು ಸುಮ್ಮನೆ ಕೈಗೆ ಕೊಡುವ ಹಾಗಿಲ್ಲ. ಹಂದರದ ನಡುವೆ ಒಬ್ಬ ನಿಂತು, ಯಾರು ಏನು ಕೊಟ್ಟರು ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ‘ಸೋದರಮಾವನ ಆಹೇರಿ, ಇಳಕಲ್ಲ ಸೀರಿ ಒಂದು.’ ‘ಗೌಡರ ಆಹೇರಿ, ತಾಮ್ರದ ಹಂಡೆ ಒಂದು.’ ನನ್ನ ಸರ ಕೈಗೆ ಬಂತು. ಕೂಗುವವನು ಅದನ್ನು ತಿರುಗಿಸಿ ನೋಡಿದ, ಮೂಸಿ ನೋಡಿದ.

“ಬೈಲಹೊಂಗಲದ ಬಿ.ಎ. ಕಾಕಾನ ಆಹೇರಿ,” ಎಂದು ಶುರುಮಾಡಿ ನಿಂತುಬಿಟ್ಟ. ಅವನು ಪಕ್ಕಕ್ಕೆ ಬಾಗಿ ಕೇಳಿದ, “ಅಜ್ಜಿ, ಇದಕ್ಕ ಏನಂತ ಕೂಗಲಿ?”

ಪಕ್ಕದಲ್ಲಿ ಕುಳಿತ ವರನ ಅಜ್ಜಿ ಬೀಜವನ್ನು ಉಗುರಿನಿಂದ ಕೆರೆದು ನೋಡಿ ತೀರ್ಪು ಕೊಟ್ಟಳು. “ಹುಣಚಿ ಬೀಜ ಐತಿ. ಬಿತ್ತಾಕ ಕೊಟ್ಟಾರ ಅನ್ನು.”

“ಹುಣಚಿ ಬೀಜ ಇಪ್ಪತ್ತೊಂದು, ಬಿತ್ತಾಕ,” ಎಂದು ಅವನು ಕೂಗಿದ. ಹಂದರದ ಕೊನೆಯಲ್ಲಿ ಕುಳಿತಿದ್ದ ಕಿವುಡನೊಬ್ಬನಿಗಾಗಿ ಇನ್ನೊಮ್ಮೆ ಕೂಗಿದ.

ಮರಳಿ ಬರುವಾಗ ಎರಡು ದಿನದ ಬಂಡಿಯ ಹಾದಿಯಲ್ಲಿ ಹೆಂಡತಿ ಮಾತಾಡಲಿಲ್ಲ. ಬೈಲಹೊಂಗಲ ಕಾಣಿಸಿದ ಮೇಲೆ ಬಾಯಿ ಬಿಟ್ಟಳು. “ಬರೂ ಸಂಕ್ರಾಂತಿ ಹುಡುಗಿಗೆ ಮೊದಲನೇದ್ದು. ಕುಸುರೆಳ್ಳಿನ ದಾಗೀನು ನಮ್ಮ ಮನಿಯಿಂದ ಹೋಗಬೇಕು. ಸುರೇಬಾನದ ಆ ಮುದುಕಿ ಬಾಯಿ ಮುಚ್ಚೂ ಹಂಗ ಮಾಡ್ರಿ. ಇಲ್ಲಂದ್ರ ಮಣಿ ಡಬ್ಬಿ ಹಳ್ಳಕ್ಕ ಹೋಗತೇತಿ.”

ಒಂದು ತಿಂಗಳ ಮೇಲೆ ಸುರೇಬಾನದಿಂದ ಕಾಗದ ಬಂತು. ಇಪ್ಪತ್ತೊಂದರಲ್ಲಿ ಎರಡು ಮೊಳೆತಿದ್ದವು.

೫. ಪುರಾವೆ

ಕುಸುರೆಳ್ಳು ಎಂದರೆ ಸಕ್ಕರೆಯ ಮುಳ್ಳು ಎದ್ದ ಎಳ್ಳು. ಹಿತ್ತಾಳೆಯ ಪರಾತದಲ್ಲಿ ಎಳ್ಳು ಹಾಕಿ, ಕೆಳಗೆ ಸಣ್ಣ ಕೆಂಡವಿಟ್ಟು, ಸಕ್ಕರೆಯ ಪಾಕವನ್ನು ಹನಿ ಹನಿ ಬಿಡುತ್ತ ಬೆರಳಿನಿಂದ ಆಡಿಸುತ್ತಿರಬೇಕು. ನಾಲ್ಕೈದು ದಿನಕ್ಕೆ ಮುತ್ತಿನಷ್ಟು ದಪ್ಪವಾಗುತ್ತದೆ. ಮದುವೆಯಾದ ವರ್ಷದ ಸಂಕ್ರಾಂತಿಗೆ ಹೊಸ ಸೊಸೆಗೆ ಕರಿಯ ಸೀರೆ ಉಡಿಸಿ, ಈ ಕಾಳುಗಳ ದಾಗೀನು ತೊಡಿಸಿ ಆರತಿ ಮಾಡುತ್ತಾರೆ. ಪಾಕ ನನ್ನ ಹೆಂಡತಿಯದು, ಕಟ್ಟುವುದು ನನ್ನದು. ಜರಿಯ ಪಟ್ಟಿಯ ಮೇಲೆ ದಾರ ಸುತ್ತಿ ಒಂದೊಂದೇ ಕಾಳು ಕೂಡಿಸಿ ಸರ ಒಂದು, ತೋಳಿಗೆ ವಂಕಿ ಎರಡು, ಮುಂಗೈಗೆ ಬಿಲ್ವರ ಎರಡು, ನಡುವಿಗೆ ಡಾಬು ಒಂದು ಮುಗಿಸಿದೆ. ಹೆಂಡತಿ ಮೊದಲ ಸಲ ನನ್ನ ಕೆಲಸವನ್ನು ದೀಪ ಹಿಡಿದು ನೋಡಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಹೊಗಳಿಕೆ.

ಮರುದಿನ ಬೆಳಿಗ್ಗೆ ಡಬ್ಬಿಯ ಸುತ್ತ ಇರುವೆಗಳ ಸಾಲು. ಮನೆಯಲ್ಲಿ ಎಲ್ಲಿಟ್ಟರೂ ಅಲ್ಲಿಗೇ ಬಂದವು. ಊರಿನಲ್ಲಿ ಇರುವೆ ಮುಟ್ಟದ ಜಾಗ ಒಂದೇ ಇತ್ತು: ನಮ್ಮ ಸಾಲೆಯ ನಕಾಶೆಯ ಕಪಾಟು. ನಕಾಶೆಗಳಿಗೆ ಹಚ್ಚಿದ ಹಿಟ್ಟಿನ ಅಂಟಿಗೆ ಇರುವೆ ಬರುತ್ತವೆಂದು ಅದರ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿದ್ದರು. ದಾಗೀನುಗಳನ್ನು ತಾಟಿನಲ್ಲಿ ಜೋಡಿಸಿ, ಯುರೋಪಿನ ನಕಾಶೆಯ ಹಿಂದೆ ಇಟ್ಟು ಬಂದೆ.

ಆ ವಾರವೇ ತಪಾಸಣೆ. ಡೆಪ್ಯುಟಿ ಸಾಹೇಬರು ಬೆಳಗಾವಿಯಿಂದ ಟಾಂಗಾದಲ್ಲಿ ಬಂದಿಳಿದರು. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ಬಾಡಿದ ಮುಖ. ಹೆಡ್ ಮಾಸ್ತರರು ಹಾಲು ತರಿಸಿದರು. ಸಾಹೇಬರು ಒಂದು ಗುಟುಕು ಕುಡಿದು ಕೆಳಗಿಟ್ಟರು.

“ಸಕ್ಕರಿ ಅದ ಇದರಾಗ. ನನಗ ನಡೆಯೂದಿಲ್ಲ. ವೈದ್ಯರು ಬ್ಯಾಡ ಅಂದಾರ. ಮನಿಯಾಗ ಸಕ್ಕರಿ ಡಬ್ಬಿಗೆ ನಮ್ಮಾಕಿ ಕೀಲಿ ಹಾಕ್ಯಾಳ. ಎಂಟು ತಿಂಗಳಾತು.” ಮಗನನ್ನು ಕಳೆದುಕೊಂಡವರ ಧ್ವನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಭೂಗೋಳದ ಪರೀಕ್ಷೆಗೆಂದು ಹೆಡ್ ಮಾಸ್ತರರು ತಾವೇ ಕಪಾಟು ತೆರೆದು ಯುರೋಪು ಎಳೆದರು. ಹಿಂದಿನಿಂದ ತಾಟು ಕಂಡಿತು. ಅವರ ಮುಖ ಅರಳಿದಷ್ಟು ಅವರ ಅಳಿಯ ಪಾಸಾದ ದಿನವೂ ಅರಳಿರಲಿಕ್ಕಿಲ್ಲ. ತಾಟನ್ನು ತಂದು ಸಾಹೇಬರ ಮುಂದಿನ ಮೇಜಿನ ಮೇಲಿಟ್ಟು, ನನ್ನನ್ನು ಎದುರಿಗೆ ನಿಲ್ಲಿಸಿ, ಕಪ್ಪು ಪುಸ್ತಕ ತೆರೆದರು.

“ಸಾಹೇಬ್ರ, ಇವರು ಸಾಲ್ಯಾಗ ಕೂತು ಹೆಂಗಸರ ದಾಗೀನು ಮಾಡತಾರ. ಇದು ಪುರಾವೆ. ಇಂಥವರನ್ನ ಕಾಯಂ ಮಾಡಿದ್ರ ಸಾಲಿ ಗತಿ ಏನು? ಉಳಿದದ್ದು ಓದತೇನಿ, ಕೇಳ್ರಿ.”

ಅವರಿಗೆ ಕಣ್ಣು ಮಂದ. ಪುಸ್ತಕವನ್ನು ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದರೆ ಮಾತ್ರ ಅಕ್ಷರ ಕಾಣುತ್ತಿದ್ದವು. ಹಾಗೆ ಹಿಡಿದಾಗ ಬೇರೇನೂ ಕಾಣುತ್ತಿರಲಿಲ್ಲ.

ಸಾಹೇಬರು ಬಿಲ್ವರ ಎತ್ತಿಕೊಂಡು ನನ್ನನ್ನು ಕೇಳಿದರು, “ಇವು ಮುತ್ತೇನು?”

“ಕುಸುರೆಳ್ಳುರಿ. ಸಕ್ಕರಿ.”

“ಸಕ್ಕರಿ,” ಎಂದರು ಸಾಹೇಬರು. ಆ ಶಬ್ದವನ್ನು ಅಷ್ಟು ಮೆಲ್ಲಗೆ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಒಂದು ಕಾಳು ಕಿತ್ತು ಬೆಳಕಿಗೆ ಹಿಡಿದು ನೋಡಿದರು. “ಪುರಾವೆ ಅಂದಮ್ಯಾಲೆ ಪರೀಕ್ಷಾ ಮಾಡಬೇಕಾಗ್ತದ.” ಬಾಯಿಗೆ ಹಾಕಿಕೊಂಡರು.

“ಒಂದನೇದು, ಮಾಟ,” ಎಂದು ಹೆಡ್ ಮಾಸ್ತರರು ಪುಸ್ತಕದೊಳಗಿನಿಂದ ಓದಿದರು. “ಎಮ್ಮಿಗೆ ಮಂತ್ರ ಹಾಕ್ಯಾರ.”

“ಹಾಲು ಕೊಡ್ತೇನು?” ಎಂದರು ಸಾಹೇಬರು. ಬಿಲ್ವರ ಎರಡೂ ಮುಗಿದಿದ್ದವು.

“ಕೊಟ್ಟೇತಂತ್ರಿ. ಎರಡನೇದು, ಸವದತ್ಯಾಗ ತಲಿ ಮ್ಯಾಲೆ ದೇವಿ ಹೊತ್ತು ಭಿಕ್ಷಾ ಬೇಡ್ಯಾರ.”

“ನಡೀಲಿ, ನಡೀಲಿ. ಸಾವಕಾಶ ಓದ್ರಿ, ಅವಸರ ಇಲ್ಲ.” ವಂಕಿಗೆ ಕೈ ಹಾಕಿದ್ದರು.

ನಾನು ನಿಂತು ನೋಡಿದೆ. ಒಂದೊಂದು ಕಾಳು ಬಾಯಿಗೆ ಹೋದಂತೆ ನನ್ನ ನೌಕರಿ ಇಷ್ಟಿಷ್ಟೇ ಕಾಯಂ ಆಗುತ್ತಿತ್ತು, ನನ್ನ ಸಂಸಾರ ಇಷ್ಟಿಷ್ಟೇ ಹಂಗಾಮಿ ಆಗುತ್ತಿತ್ತು. ಕಿತ್ತೂರಿನ ನಿಧಿಯ ಹೊತ್ತಿಗೆ ಸರ ಹೋಯಿತು. ರಾಮದುರ್ಗದ ಆಹೇರಿಗೆ ಸಾಹೇಬರು ನಕ್ಕರು, ಆದರೆ ಡಾಬು ಬಿಡಲಿಲ್ಲ. ಎಂಟು ತಿಂಗಳ ಉಪವಾಸ ಅದು. ಎಂಟು ಪುಟಗಳೂ ಅದಕ್ಕೆ ಸರಿಹೋದವು.

ಹೆಡ್ ಮಾಸ್ತರರು ಪುಸ್ತಕ ಮುಚ್ಚಿದರು. “ಇಷ್ಟೆಲ್ಲಾ ಕೇಳಿದ ಮಾತಂತ ಬಿಟ್ಟರೂ, ಪುರಾವೆ ಕಣ್ಣ ಮುಂದ ಐತ್ರಿ,” ಎಂದು ತಾಟಿನ ಕಡೆ ಕೈ ಮಾಡಿದರು.

ತಾಟಿನಲ್ಲಿ ನಾಲ್ಕು ಎಳೆ ದಾರ, ಸ್ವಲ್ಪ ಜರಿ ಇದ್ದವು.

“ಎಲ್ಲಿ?” ಎಂದರು ಸಾಹೇಬರು.

“ಈಗ ಇಲ್ಲೇ ಇತ್ರಿ.”

“ಮಾಸ್ತರ, ದೂರು ಕೊಡಾವರು ಪುರಾವೆ ಕಾಯ್ದು ಇಟ್ಕೋಬೇಕು. ಇರಿವಿ ತಿಂದಿರಬೇಕು.”

ಸಾಹೇಬರ ಎಡಮೀಸೆಯ ತುದಿಯಲ್ಲಿ ಒಂದು ಕುಸುರೆಳ್ಳು ಕುಳಿತಿತ್ತು. ಹೆಡ್ ಮಾಸ್ತರರು ಬಗ್ಗಿ, ಮೂಗು ಹತ್ತುವಷ್ಟು ಹತ್ತಿರದಿಂದ ಅದನ್ನು ನೋಡಿದರು. ನಾನೂ ನೋಡಿದೆ. ಅವರಿಗೆ ಪಿಂಚಣಿ ಹತ್ತಿರವಿತ್ತು, ನನಗೆ ಕಾಯಂ ಹತ್ತಿರವಿತ್ತು. “ಹೌದ್ರಿ,” ಎಂದರು ಹೆಡ್ ಮಾಸ್ತರರು, “ನಮ್ಮೂರಾಗ ಇರಿವಿ ಭಾಳ.”

ದಾರ ತೆಗೆದುಕೊಂಡು ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಹೆಂಡತಿ ಒಂದೇ ಪ್ರಶ್ನೆ ಹಾಕಿದಳು. “ರುಚಿ ಹೆಂಗಿತ್ತಂತ ಅಂದ್ರು?” ಆಮೇಲೆ ಪರಾತ ಒಲೆಗೆ ಇಟ್ಟಳು. ಸಂಕ್ರಾಂತಿಗೆ ಎಂಟು ದಿನವಿದ್ದವು. ಸಾಲೆಗೆ ರಜೆ ಹಾಕಿ ಕಟ್ಟಿದೆ. ಹೊಸ ದಾಗೀನು ಹಬ್ಬದ ಮುಂಜಾನೆ ಸುರೇಬಾನ ಮುಟ್ಟಿದವು. ವರನ ಅಜ್ಜಿ ಸೊಸೆಯನ್ನು ಸುತ್ತು ಹಾಕಿ ನೋಡಿ, “ಇವನ್ನ ಬಿತ್ತಬ್ಯಾಡ್ರಿ” ಎಂದಳಂತೆ. ಹೆಂಡತಿ ಅದನ್ನು ಇಂದಿಗೂ ಪ್ರಶಸ್ತಿಯಂತೆ ಹೇಳಿಕೊಳ್ಳುತ್ತಾಳೆ.

ಮುಂದಿನ ತಿಂಗಳು ನನ್ನ ಕಾಯಂ ಹುಕುಂ ಬಂತು. ಜೊತೆಗೆ ಸಾಹೇಬರ ತಪಾಸಣೆಯ ವರದಿಯೂ ಇತ್ತು. ಹೆಡ್ ಮಾಸ್ತರರು ಅದನ್ನು ಮೂಗಿಗೆ ಹಿಡಿದು ಎಲ್ಲ ಮಾಸ್ತರರ ಮುಂದೆ ಓದಬೇಕಾಯಿತು.

‘ಹಂಗಾಮಿ ಮಾಸ್ತರರ ಮೇಲಿನ ದೂರನ್ನು ಕೂಲಂಕಷವಾಗಿ ಪರೀಕ್ಷಿಸಲಾಯಿತು. ಪುರಾವೆ ಉಳಿಯಲಿಲ್ಲ. ಆದರೆ ಒಂದೇ ಪರೀಕ್ಷೆಯಿಂದ ನಿರ್ಣಯಕ್ಕೆ ಬರುವುದು ನ್ಯಾಯವಲ್ಲವಾದ್ದರಿಂದ, ಬರುವ ವರ್ಷದ ತಪಾಸಣೆಯನ್ನೂ ಸಂಕ್ರಾಂತಿಯ ಹಿಂದಿನ ವಾರದಲ್ಲಿಯೇ ಇಡತಕ್ಕದ್ದು.’